ಗಡಿನಾಡಿನವನು ಕಂಡ ಪರದೇಶ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಾಲೆಯ ಚರಿತ್ರೆಯನ್ನು ಬರೆಯಲು ನನಗಿಂತ ಸಮರ್ಥರಾದವರು ಇದ್ದಾರೆ, ನಾನು ಬೇರೆ ಏನನ್ನಾದರೂ ಬರೆಯುತ್ತೇನೆ ಎಂದು ತಿಳಿಸಿದೆ. ಇಲ್ಲಿ ಓದಿದ ಎಷ್ಟೋ ಮಂದಿ ಇಂದು ಅಮೆರಿಕ, ಸಿಂಗಪುರ, ಕೊಲ್ಲಿ ದೇಶಗಳಲ್ಲಿ ನೆಲಸಿದ್ದಾರೆ. ಊರಿಗೆ ಬಂದಾಗ ಮನೆಗೆ ಬಂದು ಕಾಣುವ ಸೌಜನ್ಯವೂ ಅವರಲ್ಲಿದೆ. ಕುಳಿತು ಮಾತನಾಡುವಾಗ, "ಅಲ್ಲಿಯ ಜನರ ರೀತಿಗಳು ವಿಚಿತ್ರ ಸಾರ್" ಎಂದು ಒಂದೊಂದನ್ನೇ ಹೇಳಿ ನಗುತ್ತಾರೆ. ಮಗಳ ಮನೆಯ ನಿಮಿತ್ತ ನಾನೂ 2018ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಅಮೆರಿಕದ ನ್ಯೂಜೆರ್ಸಿಗೆ ಹೋಗಿ ಕೆಲವು ತಿಂಗಳು ಇದ್ದು ಬಂದೆ. ಆ ವಿಚಿತ್ರಗಳನ್ನು ನಾನೂ ಕಂಡೆ. ಆದರೆ ನನಗೆ ಅವುಗಳಲ್ಲಿ ಹಲವು ಹೊಸವಾಗಿ ತೋರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿ ಮೇಷ್ಟ್ರಾದವನಿಗೆ ಅಮೆರಿಕವು ಹೊಸದಾಗಿ ಕಾಣಲಿಲ್ಲವೆಂದರೆ ಓದುಗರು ನಕ್ಕಾರು. ಕಾರಣವನ್ನು ಹೇಳುತ್ತೇನೆ.

ಕಲ್ಯಾಣದುರ್ಗದಿಂದ ಹಿಂದೂಪುರಕ್ಕೆ ಪಾವಗಡದ ಮೇಲೆ ಹೋಗುವ ಬಸ್ಸಿನಲ್ಲಿ ಪ್ರಯಾಣ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಹೊರಟ ಊರು ಆಂಧ್ರದ್ದು, ಸೇರುವ ಊರೂ ಆಂಧ್ರದ್ದು, ನಡುವೆ ಸಿಕ್ಕುವ ಪಾವಗಡ ಮಾತ್ರ ಕರ್ನಾಟಕದ್ದು. ಆ ಪಾವಗಡದ ಸ್ಥಿತಿಯೋ ಇನ್ನೂ ಸ್ವಾರಸ್ಯವಾದುದು. ಹೆಚ್ಚು ಕಡೆಗಳಲ್ಲಿ ಆಂಧ್ರದ ನೆಲ ಅದನ್ನು ಸುತ್ತುವರಿದಿದೆ. ತನ್ನ ಜಿಲ್ಲಾ ಕೇಂದ್ರವಾದ ತುಮಕೂರಿಗೆ ಮಧುಗಿರಿಯ ದಾರಿಯಾಗಿ ಹೋಗಬೇಕಾದರೆ ಅಲ್ಲಿಯ ಜನ ಆಂಧ್ರದ ನೆಲವನ್ನು ತುಳಿದೇ ಹೋಗಬೇಕು. ಹೊರಗಿನವರು ನಕ್ಷೆಯನ್ನು ನೋಡಿ, ಇದನ್ನು ಯಾರೋ ನಿದ್ದೆಗಣ್ಣಿನಲ್ಲಿ ಬರೆದಿರಬೇಕೆಂದು ಹಾಸ್ಯ ಮಾಡುವುದುಂಟು. ನಿದ್ದೆಗಣ್ಣಿನಲ್ಲಿ ಬರೆದುದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ರಾಜ್ಯವನ್ನು ಹಂಚಿಕೊಳ್ಳುವಾಗ ಪಾವಗಡ ಮೈಸೂರಿನಲ್ಲಿ ಉಳಿಯಿತು. ನಮ್ಮ ಭಾಗ ಹೈದರಾಬಾದಿನ ನಿಜಾಮನ ಕೈಸೇರಿ, ಮರುವರ್ಷವೇ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಗೆ ದತ್ತವಾಯಿತು. ದತ್ತ ಮಂಡಲವೆಂಬ ಹೆಸರು ಬಂದದ್ದು ಹಾಗೆ. ಥಾಮಸ್ ಮನ್ರೋ ಇಲ್ಲಿಗೆ ಕಲೆಕ್ಟರಾಗಿ ಬಂದದ್ದೂ ಆಗಲೇ. ಮುಂದೆ 1882ರಲ್ಲಿ ಬಳ್ಳಾರಿಯಿಂದ ಅನಂತಪುರ ಜಿಲ್ಲೆ ಬೇರ್ಪಟ್ಟಿತು. 1953ರಲ್ಲಿ ಆಂಧ್ರ ರಾಜ್ಯ, 1956ರಲ್ಲಿ ಆಂಧ್ರಪ್ರದೇಶ ಬಂದವು. 2022ರ ಏಪ್ರಿಲ್ ತಿಂಗಳಲ್ಲಿ ಹಿಂದೂಪುರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗವು ಅನಂತಪುರದಲ್ಲೇ ಉಳಿಯಿತು. ನಾವು ಕುಳಿತಲ್ಲೇ ಕುಳಿತಿದ್ದೇವೆ. ಗಡಿಗಳು ನಮ್ಮ ಮೇಲೆ ಹಾಯ್ದು ಹೋಗಿವೆ.

ಈ ಗಡಿಯಿಂದ ನಿತ್ಯಜೀವನದಲ್ಲಿ ಏನಾಗುತ್ತದೆಂಬುದಕ್ಕೆ ಜಮೀನಿನ ಅಳತೆಯನ್ನು ನೋಡಿ. ಎಕರೆ ಎರಡು ಕಡೆಯೂ ಒಂದೇ. ಆದರೆ ಆಂಧ್ರದ ಪಹಣಿಯಲ್ಲಿ ಎಕರೆಗೆ 100 ಸೆಂಟು, ಕರ್ನಾಟಕದ ಪಹಣಿಯಲ್ಲಿ 40 ಗುಂಟೆ. ಮದರಾಸಿನ ಸರ್ವೆಯವರು ಸೆಂಟನ್ನು ಹಿಡಿದರು. ಮೈಸೂರಿನವರು ಮುಂಬಯಿಯ ಪದ್ಧತಿಯನ್ನು ಅನುಸರಿಸಿ ಗುಂಟೆಯನ್ನು ಹಿಡಿದರು. ಆದ್ದರಿಂದ ಹೆಣ್ಣು ಕೊಟ್ಟು ತರುವ ಮಾತುಕತೆಯಲ್ಲಿ, "ಹುಡುಗನಿಗೆ ಎರಡು ಎಕರೆ ಮೂವತ್ತು" ಎಂದು ಗಂಡಿನ ಕಡೆಯವರು ಹೇಳಿದರೆ, ಮೂವತ್ತು ಏನೆಂದು ಹೆಣ್ಣಿನ ಕಡೆಯ ಹಿರಿಯರು ಕೇಳಿಯೇ ತೀರಬೇಕು. ಮೂವತ್ತು ಗುಂಟೆಯಾದರೆ ಮುಕ್ಕಾಲು ಎಕರೆ, ಮೂವತ್ತು ಸೆಂಟಾದರೆ ಹನ್ನೆರಡೇ ಗುಂಟೆ! ನನ್ನ ಐದನೆಯ ತರಗತಿಯ ಮಕ್ಕಳಿಗೆ ಗುಂಟೆಯೊಂದಕ್ಕೆ ಎರಡೂವರೆ ಸೆಂಟು ಎಂಬ ಲೆಕ್ಕವನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದೆ. ಪಠ್ಯದಲ್ಲಿ ಅದು ಇರಲಿಲ್ಲ, ಮನೆಗಳಲ್ಲಿ ಇತ್ತು.

ಇಂಥ ಲೆಕ್ಕದಲ್ಲಿ ಬೆಳೆದವನಿಗೆ ಅಮೆರಿಕದ ಮೈಲಿ, ಪೌಂಡು, ಫ್ಯಾರನ್‌ಹೀಟ್‌ಗಳು ಏನು ಮಹಾ? "ತಾತಾ, ಇವತ್ತು ತೊಂಬತ್ತೈದು ಡಿಗ್ರಿ, ಹೊರಗೆ ಹೋಗಬೇಡಿ" ಎಂದು ಮೊಮ್ಮಗ ಹೇಳಿದಾಗ, ಅದು ನಮ್ಮ ಮೂವತ್ತೈದು ಡಿಗ್ರಿ, ಅನಂತಪುರದವನಿಗೆ ಹಿತವಾದ ಬಿಸಿಲು ಎಂದು ಟೋಪಿ ಹಾಕಿಕೊಂಡು ಹೊರಟೆ. ಇಡೀ ಲೋಕವೇ ಬಿಟ್ಟ ಫ್ಯಾರನ್‌ಹೀಟನ್ನು ಇವರೇಕೆ ಹಿಡಿದುಕೊಂಡಿದ್ದಾರೆಂದು ಅಳಿಯಂದಿರು ಕೇಳಿದರು. ನಾವು ಮಾತ್ರ ಬಿಟ್ಟಿದ್ದೇವೆಯೇ? ಬಿಸಿಲನ್ನು ಸೆಲ್ಸಿಯಸ್‌ನಲ್ಲಿ ಅಳೆಯುವ ನಾವೇ ಜ್ವರ ಬಂದರೆ "ನೂರಾ ಎರಡು ಇದೆ" ಎನ್ನುತ್ತೇವೆ. 1956ರ ತೂಕ ಮತ್ತು ಅಳತೆಗಳ ಕಾಯಿದೆಯಿಂದ ದೇಶಕ್ಕೆ ಮೀಟರು ಬಂದರೂ ಮನೆಯ ನಿವೇಶನ ಇಂದಿಗೂ ಮೂವತ್ತು-ನಲವತ್ತು ಅಡಿ, ವರನ ಎತ್ತರ ಐದೂವರೆ ಅಡಿ. ಅವರ ರೂಢಿಯನ್ನು ಹುಚ್ಚೆಂದು ಕರೆಯುವ ಮೊದಲು ನಮ್ಮ ಗೂಡಿನಲ್ಲಿರುವ ಥರ್ಮಾಮೀಟರನ್ನು ನೋಡಿಕೊಳ್ಳುವುದು ಒಳ್ಳೆಯದು.

ತಾರೀಖಿನ ವಿಷಯವೂ ಹೀಗೆಯೇ. ಅಮೆರಿಕದವರು ಮೊದಲು ತಿಂಗಳು, ಆಮೇಲೆ ದಿನ ಬರೆಯುತ್ತಾರೆ. ಮಾರ್ಚ್ 4 ಎಂಬುದು ನಮಗೆ ಏಪ್ರಿಲ್ 3 ಆಗಿ ಕಾಣುತ್ತದೆ. ಔಷಧದ ಪೆಟ್ಟಿಗೆಯ ಮೇಲೆ ಓದುವಾಗ ಎಚ್ಚರ ಬೇಕು, ನಿಜ. ಆದರೆ ತಿಂಗಳು ಮೊದಲು ಬರುವುದೇ ವಿಚಿತ್ರವೆಂದರೆ ನಮ್ಮ ಪಂಚಾಂಗವನ್ನು ಎಲ್ಲಿಡೋಣ? "ಚೈತ್ರ ಶುದ್ಧ ಪಾಡ್ಯ" ಎನ್ನುವಾಗ ಮೊದಲು ಮಾಸ, ಅನಂತರ ಪಕ್ಷ, ಅನಂತರ ತಿಥಿ. ನಮ್ಮ ಪಕ್ಕದ ಲೇಪಾಕ್ಷಿಯ ವೀರಭದ್ರ ದೇವಾಲಯದಲ್ಲಿ, ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯಲ್ಲಿ ಇರುವ ಕನ್ನಡ ಶಾಸನಗಳನ್ನು ನೋಡಿದವರು ಬಲ್ಲರು. ಶಾಸನಗಳಲ್ಲಿ ಕಾಲವನ್ನು ಹೇಳುವ ರೂಢಿಯ ಕ್ರಮ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ದಿನವನ್ನು ಮೊದಲು ಬರೆಯುವುದನ್ನು ನಾವು ಕಲಿತದ್ದು ಇಂಗ್ಲಿಷರಿಂದ. ನಮ್ಮ ಮುತ್ತಜ್ಜನು ನ್ಯೂಜೆರ್ಸಿಗೆ ಹೋಗಿದ್ದರೆ ತಿಂಗಳು ಮೊದಲು ಕಂಡು ತಲೆದೂಗುತ್ತಿದ್ದ, ವರ್ಷವನ್ನು ಕೊನೆಗೆ ತಳ್ಳಿದ್ದಕ್ಕೆ ಮಾತ್ರ ಹುಬ್ಬೇರಿಸುತ್ತಿದ್ದನೇನೋ.

ಉಳಿದ ಸಣ್ಣಪುಟ್ಟವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ದೀಪದ ಸ್ವಿಚ್ಚು ನಮ್ಮಲ್ಲಿ ಕೆಳಗೆ ಒತ್ತಿದರೆ ಹತ್ತುತ್ತದೆ, ಅಲ್ಲಿ ಮೇಲೆ ಎತ್ತಿದರೆ ಹತ್ತುತ್ತದೆ. ನಮ್ಮ ನೆಲಮಹಡಿಯೇ ಅವರ ಮೊದಲ ಮಹಡಿ. ಅಂಗಡಿಯಲ್ಲಿ ಬರೆದ ಬೆಲೆ ಒಂದು, ಕೊಡಬೇಕಾದ ಹಣ ಇನ್ನೊಂದು. ಮಾರಾಟ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ, ಎಷ್ಟೋ ಕಡೆ ಊರಿನಿಂದ ಊರಿಗೆ ಬೇರೆಯಾದ್ದರಿಂದ ಅದನ್ನು ಕೊನೆಯಲ್ಲಿ ಕೂಡಿಸುತ್ತಾರೆ. ಗಡಿಯ ಆಚೀಚೆ ಪೆಟ್ರೋಲಿನ ದರ ವಿಚಾರಿಸಿ ಗಾಡಿಗೆ ತುಂಬಿಸುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾರ್ಚಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರಿನಲ್ಲಿ ಹಿಂದಿಡುತ್ತಾರೆ. ಆದಕಾರಣ ಮಕ್ಕಳಿಗೆ ಫೋನು ಮಾಡುವವರು ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆಯನ್ನೂ ಚಳಿಗಾಲದಲ್ಲಿ ಹತ್ತೂವರೆ ಗಂಟೆಯನ್ನೂ ಕಳೆಯಬೇಕು.

ಇನ್ನು ಮಾತಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ಗಡಿನಾಡಿನ ಮಗುವು ಆರನೆಯ ವಯಸ್ಸಿನಲ್ಲಿಯೇ ಒಂದು ಶಬ್ದಕ್ಕೆ ಎರಡು ಲೋಕಗಳಿರುವುದನ್ನು ಕಲಿಯುತ್ತದೆ. ಕನ್ನಡದ ಚಿನ್ನ ಬಂಗಾರ, ತೆಲುಗಿನ ಚಿನ್ನ ಚಿಕ್ಕದು. ನಮ್ಮಲ್ಲಿ ಅವ್ವ ಎಂದರೆ ತಾಯಿ, ತೆಲುಗಿನವರಲ್ಲಿ ಅಜ್ಜಿ. ನಾವು "ಎದ್ದು ಬಾ" ಎಂದರೆ ಪಕ್ಕದ ಮನೆಯ ತೆಲುಗು ಹುಡುಗ ಎತ್ತನ್ನು ಹುಡುಕುತ್ತಾನೆ, ಏಕೆಂದರೆ ತೆಲುಗಿನ ಎದ್ದು ನಮ್ಮ ಎತ್ತು. ಒಂದು ಮಳೆಗಾಲದಲ್ಲಿ, "ಕೆರೆ ಕೋಡಿ ಬಿತ್ತು ಸಾರ್" ಎಂದು ನಮ್ಮ ಹುಡುಗನೊಬ್ಬ ಓಡಿಬಂದು ಹೇಳಿದಾಗ, ಆಗತಾನೇ ವರ್ಗವಾಗಿ ಬಂದಿದ್ದ ತೆಲುಗಿನ ಅಧ್ಯಾಪಕರು ಯಾರ ಕೋಳಿ ಕೆರೆಗೆ ಬಿದ್ದಿತೆಂದು ಕಳವಳಗೊಂಡರು. ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ತಿನ್ನುವ ಕ್ರಿಯಾಪದ. ತೆಲುಗಿನವರು ಆದರದಿಂದಲೇ "ಅನ್ನಂ ತಿನ್ನಾರಾ?" ಎಂದು ಕೇಳುತ್ತಾರೆ. ಅದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿ ಹಿರಿಯರೊಬ್ಬರನ್ನು "ಅನ್ನ ತಿಂದಿರಾ?" ಎಂದು ಕೇಳಿದರೆ ಅವರು ಎದ್ದು ಹೋದರೂ ಹೋದಾರು. ಕನ್ನಡದಲ್ಲಿ ಊಟವನ್ನು ಮಾಡಬೇಕು, ತಿಂಡಿಯನ್ನು ತಿನ್ನಬೇಕು. ತಿಂಡಿ ನಮಗೆ ಬೆಳಗಿನ ಫಲಾಹಾರ, ತೆಲುಗಿನವರಿಗೆ ಒಟ್ಟು ಆಹಾರವೇ ತಿಂಡಿ.

ತರಗತಿಯಲ್ಲಿ ಮಕ್ಕಳು ತೆಲುಗಿನ ಪಾಲು, ಪುಲಿ, ಪಾಮು ಎಂಬ ಮಾತುಗಳನ್ನು ಕೇಳಿ, ಇವರಿಗೆ ಹಕಾರ ಬಾರದು ಎಂದು ನಗುತ್ತಿದ್ದರು. ಪುಸ್ತಕವನ್ನು ಪುಸ್ತಕಂ, ಹಿಂದೂಪುರವನ್ನು ಹಿಂದೂಪುರಂ ಎನ್ನುವುದಕ್ಕೂ ನಗು. ಆಗ ನಾನು ಹಲಗೆಯ ಮೇಲೆ ಹಳಗನ್ನಡದ ಶಬ್ದಗಳನ್ನು ಬರೆಯುತ್ತಿದ್ದೆ. ಪಾಲ್, ಪುಲಿ, ಪಾವು, ಮರಂ. ನಮ್ಮ ಪೂರ್ವಿಕರೂ ಪಕಾರವನ್ನೇ ಆಡುತ್ತಿದ್ದರು. ಕಾಲಕ್ರಮದಲ್ಲಿ ಕನ್ನಡವು ಅದನ್ನು ಹಕಾರವಾಗಿ ಮಾಡಿಕೊಂಡಿತು, ತೆಲುಗು ಉಳಿಸಿಕೊಂಡಿತು. ಪದದ ಕೊನೆಯ ಸೊನ್ನೆಯೂ ಹಳಗನ್ನಡದಲ್ಲಿ ಇದ್ದದ್ದೇ. ಕೋಳಿಯ ಕಥೆಯೂ ಅಂಥದೇ. ಹಳಗನ್ನಡದಲ್ಲಿ ೞ ಎಂಬ ಬೇರೆಯೇ ಅಕ್ಷರವೊಂದಿತ್ತು. ಅದು ನಮ್ಮಲ್ಲಿ ಳಕಾರದಲ್ಲಿ ಕರಗಿತು, ತೆಲುಗಿನಲ್ಲಿ ಡಕಾರವಾಯಿತು. ಆದ್ದರಿಂದ ನಮ್ಮ ಏಳು ಅವರ ಏಡು, ನಮ್ಮ ಕೋಳಿ ಅವರ ಕೋಡಿ. ಲಿಪಿಯೂ ಮೊದಲು ಒಂದೇ ಆಗಿತ್ತೆಂಬುದು ಎಲ್ಲರೂ ಬಲ್ಲ ಮಾತು. ಪಕ್ಕದ ಮನೆಯ ಮಾತು ಕೇಳಿ ನಗುತ್ತಿದ್ದ ಮಕ್ಕಳು ತಮ್ಮ ಮುತ್ತಜ್ಜಿಯ ಮಾತಿಗೇ ನಗುತ್ತಿದ್ದರು. ಇದು ತಿಳಿದ ದಿನ ತರಗತಿ ಸ್ವಲ್ಪ ಹೊತ್ತು ನಿಶ್ಶಬ್ದವಾಗಿರುತ್ತಿತ್ತು. ಮೇಷ್ಟ್ರಿಗೆ ಅಂಥ ನಿಶ್ಶಬ್ದ ಸಂಬಳಕ್ಕಿಂತ ಮೇಲು.

ಈ ಪಾಠವೇ ನನಗೆ ನ್ಯೂಜೆರ್ಸಿಯಲ್ಲಿ ಒದಗಿತು. ಬೆಳಿಗ್ಗೆ ವಾಯುಸಂಚಾರಕ್ಕೆ ಹೊರಟರೆ ಎದುರಿಗೆ ಬಂದವರೆಲ್ಲ "ಹೌ ಆರ್ ಯೂ?" ಎನ್ನುತ್ತಾರೆ, ಉತ್ತರಕ್ಕೆ ಕಾಯದೆ ಮುಂದೆ ಹೋಗುತ್ತಾರೆ. ಮಂಡಿನೋವಿನ ವೃತ್ತಾಂತವನ್ನು ಹೇಳಲು ನಿಂತ ನಮ್ಮ ಕಡೆಯ ಹಿರಿಯರೊಬ್ಬರಿಗೆ, ಇವರಿಗೆ ಹೃದಯವೇ ಇಲ್ಲವೆಂದು ಅನ್ನಿಸಿಬಿಟ್ಟಿತ್ತು. ನಾನು ಅವರಿಗೆ ನಮ್ಮ "ಊಟ ಆಯಿತೆ?" ಎಂಬ ಪ್ರಶ್ನೆಯನ್ನು ನೆನಪಿಸಿದೆ. ಹಿಂದೂಪುರದ ಪೇಟೆಯಲ್ಲಿ ಮಧ್ಯಾಹ್ನ ಯಾರಾದರೂ ಹಾಗೆ ಕೇಳಿದರೆ, ಇಂದು ಮುದ್ದೆಗೆ ಯಾವ ಸಾರೆಂದು ನಾವು ವಿವರಿಸುವುದಿಲ್ಲ. "ಆಯಿತು, ತಮ್ಮದು?" ಎಂದು ಮುಂದೆ ಹೋಗುತ್ತೇವೆ. ಆಗದಿದ್ದರೂ ಆಯಿತೆನ್ನುವುದೇ ಹೆಚ್ಚು. ಬರಗಾಲಗಳನ್ನು ಕಂಡ ಸೀಮೆಯಲ್ಲಿ ಕುಶಲಪ್ರಶ್ನೆ ಊಟದ ರೂಪವನ್ನು ತಾಳಿದರೆ ಆಶ್ಚರ್ಯವಿಲ್ಲ ಎಂದು ನನ್ನ ಊಹೆ.

ಮನೆಯೊಳಗಿನ "ಥ್ಯಾಂಕ್ ಯೂ" ಮಾತ್ರ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ಉಪ್ಪು ಬಡಿಸಿದ ತಾಯಿಗೆ ಮಗು ಥ್ಯಾಂಕ್ಸ್ ಹೇಳುತ್ತದೆ. ನಮ್ಮಲ್ಲಿ ಧನ್ಯವಾದವು ಸಭೆಯ ಕೊನೆಯಲ್ಲಿ ಒಬ್ಬರು ಎದ್ದುನಿಂತು ಸಮರ್ಪಿಸುವ ವಸ್ತು. ಅಮ್ಮನಿಗೆ ಹೇಳಿದರೆ, "ಏನೋ, ನಾನು ಹೊರಗಿನವಳೇನೋ?" ಎಂದಾಳು. ಹಾಗೆಯೇ ನಾವು ಹೊರಡುವಾಗ "ಬರುತ್ತೇನೆ" ಎನ್ನುವುದು, ತೆಲುಗಿನವರು "ವೆಳ್ಳೊಸ್ತಾನು" ಎನ್ನುವುದು ಅಲ್ಲಿಯವರಿಗೆ ಅರ್ಥವಾಗದು. ಹೊರಟವನು ಬರುತ್ತೇನೆ ಎಂದರೆ, ಯಾವಾಗ, ಎಷ್ಟು ಗಂಟೆಗೆ ಎಂದು ನೆರೆಮನೆಯಾಕೆ ನಿಜವಾಗಿಯೂ ಕೇಳಿದಳು. ಈ ಒಂದು ಮಾತಿನಲ್ಲಿ ಕನ್ನಡ-ತೆಲುಗುಗಳು ಒಂದೇ ಮನೆಯವು.

ಒಂದೇ ಮನೆಯವೆಂದು ನಾನು ಬರೆಯಬಹುದು, ಆದರೆ ಪ್ರಪಂಚ ನಮ್ಮನ್ನು ಹಾಗೆ ನೋಡುವುದಿಲ್ಲ. ಬೆಂಗಳೂರಿಗೆ ಓದಲು ಹೋದ ನಮ್ಮ ಮಕ್ಕಳನ್ನು "ಆಂಧ್ರದವರಾ? ಕನ್ನಡ ಚೆನ್ನಾಗಿ ಮಾತಾಡುತ್ತೀರಲ್ಲ!" ಎಂದು ಹೊಗಳುತ್ತಾರೆ. ಆ ಹೊಗಳಿಕೆ ಎಷ್ಟು ಚುಚ್ಚುತ್ತದೆಂಬುದನ್ನು ಈ ಸಂಚಿಕೆಯನ್ನು ಓದುವವರಲ್ಲಿ ಅನೇಕರು ಬಲ್ಲರು. ಅನಂತಪುರದ ಕಚೇರಿಗಳಲ್ಲಿ ನಾವು "ಕನ್ನಡಂ ವಾಳ್ಳು". ಅಮೆರಿಕದಲ್ಲಿಯೂ ಇದು ತಪ್ಪಲಿಲ್ಲ. ಮಗಳು ಇರುವಲ್ಲಿ ಕನ್ನಡದವರ ಕೂಟವೂ ಇದೆ, ತೆಲುಗಿನವರ ಸಂಘವೂ ಇದೆ. ಒಂದರಲ್ಲಿ ಹಿಂದೂಪುರ ಎಂದರೆ "ಅದು ಆಂಧ್ರ ಅಲ್ಲವೇ?" ಇನ್ನೊಂದರಲ್ಲಿ ಬಾಯಿ ತೆರೆದರೆ "ಮೀದಿ ಕರ್ನಾಟಕನಾ?" ಯುಗಾದಿ ಎರಡಕ್ಕೂ ಒಂದೇ ದಿನ. ಒಂದೆಡೆ ಬೇವು-ಬೆಲ್ಲ, ಇನ್ನೊಂದೆಡೆ ಬೇವಿನ ಹೂ, ಹುಣಿಸೆ, ಬೆಲ್ಲ, ಮಾವು, ಖಾರ, ಉಪ್ಪು ಸೇರಿದ ಷಡ್ರಸದ ಪಚ್ಚಡಿ. ನನ್ನ ಮಗಳು ಎರಡು ಕಡೆಯೂ ಚಂದಾ ಕೊಡುತ್ತಾಳೆ. ಎರಡು ಚಂದಾ ಯಾಕಮ್ಮ ಎಂದು ಕೇಳಿದ್ದಕ್ಕೆ, "ಊರಲ್ಲಿ ಎರಡು ಪಹಣಿ ಇಟ್ಟುಕೊಂಡಿರಲಿಲ್ಲವೇ ಅಪ್ಪಾ?" ಎಂದಳು. ಮೇಷ್ಟ್ರ ಮಗಳು.

ಕೊನೆಯದಾಗಿ ಹೆಸರಿನ ಸಂಗತಿ. ಪರದೇಶದಲ್ಲಿ ನಮ್ಮವರು ಪಡುವ ಪಾಡುಗಳಲ್ಲಿ ಇದೇ ದೊಡ್ಡದು, ಮತ್ತು ಇದರ ಬೇರು ಶಾಲೆಯಲ್ಲಿಯೇ ಇದೆ. ಅಲ್ಲಿಯ ಅರ್ಜಿಗಳಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಎರಡು ಮನೆಗಳಿರುತ್ತವೆ. ನಮ್ಮ ಕಡೆಯ ಹೆಸರು ಅವುಗಳಲ್ಲಿ ಕೂರುವುದಿಲ್ಲ. ಹಳೆಯ ಮೈಸೂರಿನ ಪದ್ಧತಿಯಲ್ಲಿ ಊರು, ತಂದೆ, ತಾನು ಎಂಬ ಕ್ರಮ. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಡಿ.ವಿ.ಜಿ. ಆದದ್ದು ಹೀಗೆ. ಉತ್ತರ ಕರ್ನಾಟಕದಲ್ಲಿ ತಾನು, ತಂದೆ, ಅಡ್ಡಹೆಸರು. ದತ್ತಾತ್ರೇಯ ರಾಮಚಂದ್ರ ಬೇಂದ್ರೆ. ತೆಲುಗಿನವರಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಎಲ್ಲಕ್ಕಿಂತ ಮೊದಲು. ನಮ್ಮ ಹಿಂದೂಪುರದ ಶಾಸಕರೂ ಆಗಿದ್ದ ನಂದಮೂರಿ ತಾರಕ ರಾಮರಾಯರ ಹೆಸರಿನಲ್ಲಿ ನಂದಮೂರಿ ಇಂಟಿಪೇರು. ಕುಟುಂಬದ ಹೆಸರು ಒಬ್ಬರಲ್ಲಿ ಹಿಂದೆ, ಒಬ್ಬರಲ್ಲಿ ಮುಂದೆ, ನಮ್ಮಲ್ಲಿ ಇಲ್ಲವೇ ಇಲ್ಲ!

ಈ ಮೂರೂ ಪದ್ಧತಿಗಳು ಕೂಡುವ ಸ್ಥಳ ನಮ್ಮ ಗಡಿಶಾಲೆಯ ಪ್ರವೇಶ ಪುಸ್ತಕ. ಇಂಟಿಪೇರಿನ ಅಂಕಣ ಖಾಲಿ ಬಿಡಬಾರದೆನ್ನುವ ಅಧಿಕಾರಿಗಳು ಇದ್ದರು. ಮಗುವನ್ನು ಕರೆತಂದ ಕನ್ನಡದ ತಂದೆ ತನಗೆ ಇಲ್ಲದ ಇಂಟಿಪೇರನ್ನು ಎಲ್ಲಿಂದ ತರಬೇಕು? ಒಬ್ಬರು ಊರನ್ನು ಹೇಳಿದರು, ಒಬ್ಬರು ಮನೆಯ ಕಸುಬನ್ನು ಹೇಳಿದರು, ಒಬ್ಬರು ಅಜ್ಜನ ಹೆಸರನ್ನು. ಒಬ್ಬ ತಾಯಿಯ ಇಬ್ಬರು ಗಂಡುಮಕ್ಕಳಲ್ಲಿ ಒಬ್ಬ ಇಲ್ಲಿ, ಒಬ್ಬ ಸೋದರಮಾವನ ಮನೆಯಲ್ಲಿದ್ದು ಪಾವಗಡದಲ್ಲಿ ಓದಿದರು. ಇಂದು ಇಬ್ಬರೂ ವಿದೇಶದಲ್ಲಿದ್ದಾರೆ, ಕಾಗದದ ಮೇಲೆ ಬೇರೆಬೇರೆ ವಂಶದವರಾಗಿದ್ದಾರೆ. ಅಣ್ಣತಮ್ಮಂದಿರೆಂದು ಸಾಧಿಸಲು ಪ್ರಮಾಣಪತ್ರ ಮಾಡಿಸಬೇಕಾಯಿತು. ನನ್ನ ವಿಷಯದಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕೆಂಬ ಪಾಸ್‌ಪೋರ್ಟಿನ ನಿಯಮದಂತೆ ಊರಿನ ಹೆಸರೇ ಸರ್‌ನೇಮ್ ಆಯಿತು. ನ್ಯೂಜೆರ್ಸಿಯ ಒಂದು ದವಾಖಾನೆಯಲ್ಲಿ ನರ್ಸಮ್ಮ ಬಂದು "ಮಿಸ್ಟರ್ ಕುಂದುರ್ಪಿ!" ಎಂದು ಕೂಗಿದಾಗ, ಬೆಟ್ಟದ ಕೋಟೆ ಸಹಿತ ನಮ್ಮ ಊರೇ ಎದ್ದುನಿಂತಂತೆ ನಾನು ಎದ್ದುನಿಂತೆ.

ಮನೆತನದ ಹೆಸರಿಲ್ಲದವರು ನಾವಷ್ಟೇ ಅಲ್ಲ. ಐಸ್‌ಲೆಂಡಿನ ಜನ ಇಂದಿಗೂ ಹೆಚ್ಚಾಗಿ ತಂದೆಯ ಹೆಸರಿಗೆ ಮಗ, ಮಗಳು ಎಂಬ ಮಾತು ಸೇರಿಸಿ ಹೇಳಿಕೊಳ್ಳುತ್ತಾರೆ. ತುರ್ಕಿಯಲ್ಲಿ 1934ರ ಕಾನೂನು ಬರುವವರೆಗೆ ಅಡ್ಡಹೆಸರು ಕಡ್ಡಾಯವಿರಲಿಲ್ಲ. ಇಂಗ್ಲಿಷಿನ ಸ್ಮಿತ್, ಪಾಟರ್, ಕಾರ್ಪೆಂಟರ್‌ಗಳೋ ನಮ್ಮ ಕಂಬಾರ, ಕುಂಬಾರ, ಬಡಗಿಗಳೇ. ಜ್ಞಾನಪೀಠ ಪುರಸ್ಕೃತ ಚಂದ್ರಶೇಖರ ಕಂಬಾರರು ಅಲ್ಲಿ ಹುಟ್ಟಿದ್ದರೆ ಮಿಸ್ಟರ್ ಸ್ಮಿತ್ ಆಗಿರುತ್ತಿದ್ದರು.

ಈಗ ವಿದೇಶಕ್ಕೆ ಹೊರಡುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲೇ ಹೆಸರನ್ನು ಹೇಗೆ ಬಿಡಿಸಬೇಕೆಂದು ಮನೆಯವರೆಲ್ಲ ಕುಳಿತು ಒಂದೇ ರೀತಿ ತೀರ್ಮಾನಿಸಿಕೊಳ್ಳಿ. ಅಣ್ಣ ಊರನ್ನು, ತಮ್ಮ ತಂದೆಯನ್ನು ಸರ್‌ನೇಮ್ ಮಾಡಿಕೊಂಡರೆ ಮುಂದೆ ಮಕ್ಕಳ ಕಾಲಕ್ಕೆ ಕಷ್ಟ. ನಮ್ಮ ಶಾಲೆಯ ಪ್ರವೇಶ ಪುಸ್ತಕಗಳು ಮೊದಲನೆಯ ವರ್ಷದಿಂದಲೂ ಕಚೇರಿಯ ಬೀರುವಿನಲ್ಲಿ ಸುರಕ್ಷಿತವಾಗಿವೆ. ಹಳೆಯವು ಕನ್ನಡದಲ್ಲಿವೆ, ಆಮೇಲಿನವು ತೆಲುಗು ಮತ್ತು ಇಂಗ್ಲಿಷಿನಲ್ಲಿ. ಯಾವ ಕಾಲದಲ್ಲಿ ಯಾವ ಅಕ್ಷರದಲ್ಲಿ ಬರೆದಿದೆಯೆಂದು ನೋಡಿಕೊಳ್ಳಬೇಕಾದವರು, ಸೇರಿದ ವರ್ಷ ಮತ್ತು ತಂದೆಯ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಈಗಿನ ಮುಖ್ಯೋಪಾಧ್ಯಾಯರನ್ನು ಕಾಣಬಹುದು.